ಅಪ್ಪ ಕೊಡುವ ದಾನದಲ್ಲಿ ನಮ್ಮ ಪಾಲೂ ಇದೆ, ನಮ್ಮನ್ನು ಕೇಳಬೇಕಲ್ಲವೇ?

ಕೊನೆಬೆಂಚು
ಎಲ್ಲರಿಗೂ ನಮಸ್ಕಾರ. ನಾನು ಕಾಲೇಜು ವಿದ್ಯಾರ್ಥಿನಿ, ವಯಸ್ಸು 17. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪ ಸಂಬಳ ಬಂದ ದಿನವೇ ಅದರಲ್ಲೊಂದು ಪಾಲನ್ನು ಒಂದು ಸಂಸ್ಥೆಗೆ ಕಳುಹಿಸುತ್ತಾರೆ. ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ ಮಾಡಿಸಿಕೊಳ್ಳುವ ವೆಚ್ಚ ಭರಿಸಲಾಗದವರಿಗೆ ಆ ಸಂಸ್ಥೆ ನೆರವಾಗುತ್ತದೆ. ನನಗೆ ತಿಳಿವಳಿಕೆ ಬಂದಾಗಿನಿಂದಲೂ ಇದನ್ನು ನೋಡುತ್ತಿದ್ದೇನೆ. ರಸೀದಿಗಳನ್ನು ದಾರಕ್ಕೆ ಪೋಣಿಸಿ ಬೀರುವಿನ ಬಾಗಿಲ ಒಳಬದಿಯ ಮೊಳೆಗೆ ಸಿಕ್ಕಿಸಿರುತ್ತಾರೆ. ಹಳೆಯವು ಹಳದಿಗೆ ತಿರುಗಿವೆ, ಶಾಯಿ ಮಾಸಿ ಮೊತ್ತವೇ ಕಾಣುವುದಿಲ್ಲ. ಈ ವಿಷಯವನ್ನು ಅಪ್ಪ ನೆಂಟರ ಮುಂದೆ ಒಮ್ಮೆಯೂ ಎತ್ತಿದ್ದಿಲ್ಲ.

ಈ ವರ್ಷ ಮನೆಯಲ್ಲಿ ಕೈ ಬಿಗಿಯಾಗಿದೆ. ತಮ್ಮನ ಕಣ್ಣಿನ ಪವರ್ ಹೆಚ್ಚಿದೆ ಎಂದು ವೈದ್ಯರು ಚೀಟಿ ಬರೆದುಕೊಟ್ಟಿದ್ದಾರೆ. ಹೊಸ ಕನ್ನಡಕದ ಮಾತು ಬಂದಾಗ "ಮುಂದಿನ ತಿಂಗಳು ನೋಡೋಣ" ಎಂದರು ಅಪ್ಪ. ಸಂಸ್ಥೆಯ ಕಂತು ಮಾತ್ರ ಎಂದಿನಂತೆ ಹೋಯಿತು.

ನನಗೆ ಸಿಟ್ಟು ಬಂತು. ಅಪ್ಪನಂಥವರ ಮೇಲೆ ಸಿಟ್ಟಾಗಬಹುದೇ ಎಂಬ ಕಸಿವಿಸಿಯೂ ಜೊತೆಗೇ ಬಂತು. ಆದರೂ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಅಪ್ಪ ಕೊಟ್ಟದ್ದರಲ್ಲಿ ತಮ್ಮನ ಪಾಲೂ ಸೇರಿದೆ, ಅವನನ್ನು ಯಾರೂ ಕೇಳಲಿಲ್ಲ. ಹಾಗಾದರೆ ಉದಾರಿ ಯಾರು, ಅಪ್ಪನೋ ತಮ್ಮನೋ?

ಇನ್ನೆರಡು ಸಂಗತಿಗಳು. ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಸ್ವಲ್ಪ ಬಹುಮಾನದ ಹಣ ಬಂದಿದೆ. "ಅದರಲ್ಲೊಂದು ಭಾಗವನ್ನು ಯಾರಿಗಾದರೂ ಕೊಡು, ಯಾರಿಗೆಂದು ನೀನೇ ಯೋಚಿಸು" ಎಂದಿದ್ದಾರೆ ಅಪ್ಪ. ಜೊತೆಗೆ ಕಾಲೇಜಿನಲ್ಲಿ ನಿಧಿ ಸಂಗ್ರಹ ನಡೆಯುತ್ತಿದೆ. ಯಾರು ಎಷ್ಟು ತಂದರು ಎಂದು ಹೆಸರು ಸಮೇತ ಸೂಚನಾ ಫಲಕದಲ್ಲಿ ಹಾಕುತ್ತಾರೆ, ಮೊದಲು ಬಂದವರಿಗೆ ಪಾರಿತೋಷಕ. ಇದ್ಯಾವುದೂ ನನಗೆ ಸರಿಯೆನಿಸುತ್ತಿಲ್ಲ. ಹಿರಿಯರು, ಅನುಭವಸ್ಥರು ಏನೆನ್ನುತ್ತೀರಿ?

ಮೂರು ಮಕ್ಕಳ ತಾಯಿ
ಕನ್ನಡಕ ಮೊದಲು. ಇದರಲ್ಲಿ ಚರ್ಚೆಗೆ ಏನಿದೆ? ಬೋರ್ಡು ಕಾಣದ ಹುಡುಗ ಒಂದು ತಿಂಗಳ ಪಾಠ ಕಳೆದುಕೊಂಡರೆ ಅದನ್ನು ಯಾರು ತುಂಬಿಕೊಡುತ್ತಾರೆ? ಇನ್ನೊಂದು ಮಾತು, ಮಗಳೇ. ನೀನು ಬರೆದದ್ದರಲ್ಲಿ ಅಪ್ಪ ಇದ್ದಾರೆ, ತಮ್ಮ ಇದ್ದಾನೆ, ನೀನಿದ್ದೀಯೆ. ಅಮ್ಮ ಎಲ್ಲಿ? ಮನೆ ತೂಗಿಸುವವರನ್ನಾದರೂ ಕೇಳಿ ಕೊಡುತ್ತಾರೆಯೇ?

ಒಂದೇ ಮಾತು
ಮನೆಗೆ ಮಾರಿ, ಊರಿಗೆ ಉಪಕಾರಿ.

ರಾತ್ರಿಪಾಳಿ
ಒಂದೇ ಮಾತು ಅವರೇ, ಆ ಗಾದೆಯನ್ನು ಇಲ್ಲಿ ಎಸೆಯುವ ಮುನ್ನ ಡಯಾಲಿಸಿಸ್ ಎಂದರೇನು ಎಂದು ಕೇಳಿ. ನಾನು ಆ ವಿಭಾಗದಲ್ಲಿಯೇ ಶುಶ್ರೂಷಕಿ. ಮೂತ್ರಪಿಂಡ ಕೈಕೊಟ್ಟವರು ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಬರಬೇಕು, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಒಂದು ಸರದಿ ತಪ್ಪಿದರೆ ನೀರು ಮೈಯಲ್ಲೇ ನಿಲ್ಲುತ್ತದೆ, ಕಾಲು ಊದುತ್ತದೆ, ಮಲಗಿದರೆ ಉಸಿರು ಸಿಗುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಂತುಹೋಗಬಹುದು. ಇದು ಹಬ್ಬದ ದಿನ ಮನಸ್ಸು ಬಂದು ಕೊಡುವ ಹಣದಿಂದ ನಡೆಯುವ ಚಿಕಿತ್ಸೆಯಲ್ಲ. ಪ್ರತಿ ತಿಂಗಳು ಇಷ್ಟು ಬರುತ್ತದೆ ಎಂಬ ಧೈರ್ಯದ ಮೇಲೆಯೇ ಸಂಸ್ಥೆಯವರು ರೋಗಿಯ ಹೆಸರು ಬರೆದುಕೊಳ್ಳುತ್ತಾರೆ. ಈ ಹುಡುಗಿಯ ತಂದೆ ತಪ್ಪದೆ ಕೊಡುವುದಕ್ಕೆ ಅರ್ಥವಿದೆ.

ಮೂರು ಮಕ್ಕಳ ತಾಯಿ
ಅರ್ಥವಿಲ್ಲ ಎಂದು ನಾನು ಹೇಳಲಿಲ್ಲವಲ್ಲ. ಹುಡುಗನ ಕಣ್ಣಿಗೂ ಅರ್ಥವಿದೆ ಎಂದೆ.

ಚುರುಕು
ಸುಲಭದ ದಾರಿ ಇದೆಯಲ್ಲ! ಬಹುಮಾನದ ಹಣದಲ್ಲಿ ತಮ್ಮನಿಗೆ ಕನ್ನಡಕ ಕೊಡಿಸಿ. ಅಪ್ಪ ಹೇಳಿದಂತೆ "ಯಾರಿಗಾದರೂ" ಕೊಟ್ಟಂತೆಯೂ ಆಯಿತು, ಕಣ್ಣಿನ ಸಮಸ್ಯೆಯೂ ಮುಗಿಯಿತು.

ಪುಸ್ತಕಪ್ರೇಮಿ
ಅದು ಸುಲಭ, ಆದರೆ ಸರಿಯಲ್ಲ. ಕನ್ನಡಕ ಕೊಡಿಸುವುದು ಹೆತ್ತವರ ಹೊಣೆ. ಅದನ್ನು ಅಕ್ಕನ ಔದಾರ್ಯಕ್ಕೆ ಬಿಟ್ಟರೆ ತಮ್ಮ ಜೀವನವಿಡೀ ಅಕ್ಕನ ಹಂಗಿನಲ್ಲಿದ್ದಂತೆ. ಹಕ್ಕಾಗಿ ಸಿಗಬೇಕಾದದ್ದನ್ನು ಕೊಡುಗೆ ಎಂದು ಕರೆದು ಕೊಡುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಚುರುಕು
ಅಕ್ಕ ತಮ್ಮನಿಗೆ ಕೊಟ್ಟರೆ ಹಂಗು ಎಲ್ಲಿಂದ ಬಂತು? ಮನೆಯೊಳಗೂ ಇಷ್ಟೊಂದು ಲೆಕ್ಕ ಹಾಕಿದರೆ ಬದುಕುವುದು ಹೇಗೆ?

ಹಳೆಯ ಮೇಷ್ಟರು
ಮಗೂ, ನಿನ್ನ ಪ್ರಶ್ನೆ ಹೊಸದಲ್ಲ, ಮಹಾಭಾರತದಷ್ಟು ಹಳೆಯದು. ಅಶ್ವಮೇಧಿಕ ಪರ್ವದಲ್ಲಿ ಮುಂಗುಸಿಯ ಕಥೆ ಬರುತ್ತದೆ, ಬಹಳ ಮಂದಿ ಅದರ ಕೊನೆಯನ್ನಷ್ಟೇ ನೆನಪಿಟ್ಟುಕೊಂಡಿರುತ್ತಾರೆ. ಧರ್ಮರಾಯನ ಯಾಗಶಾಲೆಗೆ ಅರ್ಧ ಮೈ ಹೊನ್ನಾದ ಮುಂಗುಸಿ ಬಂದು, ನಿನ್ನ ಈ ಮಹಾಯಾಗ ಒಬ್ಬ ಬಡವನ ಹಿಡಿ ಹಿಟ್ಟಿಗೆ ಸಮವಲ್ಲ ಎನ್ನುತ್ತದೆ. ಅಲ್ಲಿಗೆ ಎಲ್ಲರೂ ಕಥೆ ಮುಗಿಸಿಬಿಡುತ್ತಾರೆ.

ನಿನಗೆ ಬೇಕಾದದ್ದು ನಡುವಿನ ಭಾಗ. ಹೊಲದಲ್ಲಿ ಉದುರಿದ ಕಾಳು ಆಯ್ದು ಬದುಕುವ ಬ್ರಾಹ್ಮಣ, ಅವನ ಹೆಂಡತಿ, ಮಗ, ಸೊಸೆ. ಬರಗಾಲ. ಬಹಳ ದಿನಕ್ಕೆ ಸಿಕ್ಕ ಜವೆಯ ಹಿಟ್ಟನ್ನು ನಾಲ್ಕು ಪಾಲು ಮಾಡಿಕೊಂಡು ಉಣ್ಣಲು ಕುಳಿತಾಗ ಅತಿಥಿ ಬರುತ್ತಾನೆ. ಬ್ರಾಹ್ಮಣ ಏನು ಕೊಟ್ಟ? ತನ್ನ ಪಾಲನ್ನು ಮಾತ್ರ ಕೊಟ್ಟ! ಅತಿಥಿಯ ಹಸಿವು ಅಡಗಲಿಲ್ಲ. ಆಗ ಹೆಂಡತಿ, ನನ್ನ ಪಾಲು ಕೊಡಿ ಎನ್ನುತ್ತಾಳೆ. ಅವನು ಕೂಡಲೇ ಕೈ ಚಾಚುವುದಿಲ್ಲ, ಹಸಿದು ಬಡಕಲಾದ ನಿನ್ನ ಪಾಲನ್ನು ಹೇಗೆ ತೆಗೆದುಕೊಳ್ಳಲಿ ಎಂದು ಹಿಂಜರಿಯುತ್ತಾನೆ. ಮಗ ಮುಂದೆ ಬಂದಾಗಲೂ ಹಿಂಜರಿಕೆ, ಸೊಸೆ ಬಂದಾಗ ಇನ್ನೂ ಹೆಚ್ಚು. ಒಬ್ಬೊಬ್ಬರೂ ಒತ್ತಾಯ ಮಾಡಿ ಒಪ್ಪಿಸಿದ ಮೇಲೆಯೇ ಆ ಪಾಲು ಅತಿಥಿಗೆ ಹೋಗುತ್ತದೆ. ಮನೆಯ ಯಜಮಾನ ನಾನು, ನಾಲ್ಕೂ ಪಾಲು ನನ್ನದೇ ಎಂದು ಅವನು ಎತ್ತಿ ಕೊಟ್ಟಿದ್ದರೆ ಆ ನೆಲದಲ್ಲಿ ಹೊರಳಿದ ಮುಂಗುಸಿಯ ಒಂದು ಕೂದಲೂ ಹೊನ್ನಾಗುತ್ತಿರಲಿಲ್ಲ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ಒಂದೇ ಮಾತು
ಮೇಷ್ಟರೇ, ಕೈ ಮುಗಿದೆ.

ಪುಸ್ತಕಪ್ರೇಮಿ
ಕಥೆಯ ಈ ಭಾಗವನ್ನು ನಾನೂ ಗಮನಿಸಿರಲಿಲ್ಲ. ಆದರೂ ಒಂದು ತಕರಾರು. ಮಾವನೂ ಅತ್ತೆಯೂ ಗಂಡನೂ ಕೊಟ್ಟಾದ ಮೇಲೆ ಸೊಸೆ "ನಾನು ಕೊಡುವುದಿಲ್ಲ" ಎನ್ನಲು ಸಾಧ್ಯವಿತ್ತೇ? ಒಪ್ಪಿಗೆ ಎನ್ನಬೇಕಾದರೆ ನಿರಾಕರಿಸುವ ದಾರಿಯೂ ತೆರೆದಿರಬೇಕು. ಕೊನೆಬೆಂಚು ಅವರ ತಮ್ಮನನ್ನು ಅಪ್ಪ ಕೇಳಿದ್ದರೂ ಆ ಹುಡುಗ "ಆಗಲಿ ಅಪ್ಪಾ" ಎನ್ನುತ್ತಿದ್ದ, ಅಷ್ಟೇ.

ಹಳೆಯ ಮೇಷ್ಟರು
ಒಪ್ಪುವ ಮಾತೇ. ಆದರೆ ಕೇಳಿದರೆ ಹುಡುಗನಿಗೆ ಒಂದಂತೂ ಗೊತ್ತಾಗುತ್ತದೆ, ತನ್ನದೊಂದು ಪಾಲು ಈ ಮನೆಯಲ್ಲಿದೆ ಎಂದು. ಕೇಳದಿದ್ದರೆ ಅದೂ ಗೊತ್ತಾಗುವುದಿಲ್ಲ.

ಲೆಕ್ಕಿಗ
ನಾನು ಸೇವಾ ಸಂಸ್ಥೆಗಳ ಲೆಕ್ಕಪತ್ರ ತಪಾಸಣೆ ಮಾಡುವವನು. ಹೃದಯದ ಮಾತು ಸಾಕಷ್ಟು ಬಂದಿದೆ, ಸ್ವಲ್ಪ ಕಾಗದದ ಮಾತು ಕೇಳಿ. ಬಹುಮಾನದ ಹಣ ಎಲ್ಲಿಗಾದರೂ ಹೋಗಲಿ, ಕೊಡುವ ಮುನ್ನ ಆ ಸಂಸ್ಥೆಯ ವಾರ್ಷಿಕ ವರದಿ ಮತ್ತು ತಪಾಸಣೆಯಾದ ಲೆಕ್ಕಪತ್ರ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರಿಗೆ ಕೊಡಬೇಡಿ. ನೋಂದಣಿ ಸಂಖ್ಯೆ ರಸೀದಿಯ ಮೇಲೆಯೇ ಇರಬೇಕು. ಹಣ ಸಂಸ್ಥೆಯ ಹೆಸರಿನ ಖಾತೆಗೆ ಹೋಗಬೇಕು, ಯಾರದೋ ಸ್ವಂತ ಖಾತೆಗೆ ಅಲ್ಲ.

"ಆಡಳಿತ ವೆಚ್ಚ ಕಡಿಮೆ ಇದ್ದಷ್ಟೂ ಸಂಸ್ಥೆ ಒಳ್ಳೆಯದು" ಎಂಬ ನಂಬಿಕೆ ಎಲ್ಲೆಡೆ ಇದೆ. ಅದನ್ನು ಪೂರ್ತಿ ನಂಬಬೇಡಿ. ಲೆಕ್ಕ ಬರೆಯುವವನಿಗೆ, ಔಷಧ ತಣ್ಣಗಿಡುವ ಪೆಟ್ಟಿಗೆಗೆ, ಮನೆಮನೆಗೆ ಹೋಗಿ ವಿಚಾರಿಸುವ ಕಾರ್ಯಕರ್ತೆಯ ಬಸ್ ಖರ್ಚಿಗೆ ದುಡ್ಡು ಬೇಡವೇ? ಅದನ್ನು ಮುಚ್ಚಿಡಲೆಂದು ತಲೆಬರಹ ಬದಲಿಸಿ ಬರೆದ ಲೆಕ್ಕಗಳು ನನ್ನ ಕೈಗೆ ಬಂದಿವೆ. ಹಣದಿಂದ ಆದ ಕೆಲಸವೇನು ಎಂದು ಕೇಳಿ.

ರಾತ್ರಿಪಾಳಿ
ನಿಜ. ಯಂತ್ರ ಕೊಡಿಸಲು ದಾನಿಗಳು ಸಾಲುಗಟ್ಟುತ್ತಾರೆ, ಏಕೆಂದರೆ ಯಂತ್ರದ ಮೇಲೆ ಹೆಸರು ಬರೆಸಬಹುದು. ಪ್ರತಿ ಸರದಿಗೂ ಬೇಕಾಗುವ ಶೋಧಕ, ಕೊಳವೆ, ಶುದ್ಧ ನೀರಿನ ಘಟಕದ ನಿರ್ವಹಣೆ, ಇವುಗಳ ಮೇಲೆ ಹೆಸರು ಬರೆಸಲಾಗುವುದಿಲ್ಲ.

ಚುರುಕು
ಕಾಲೇಜಿನ ಸಂಗ್ರಹದ ಬಗ್ಗೆ ಯಾರೂ ಹೇಳಲಿಲ್ಲ. ನಾನು ನಮ್ಮ ಕಾಲೇಜಿನಲ್ಲಿ ಇಂಥದ್ದನ್ನು ನಡೆಸಿದವನು. ಪೈಪೋಟಿ ಇಟ್ಟರೆ ಹುಡುಗರು ಓಡಾಡುತ್ತಾರೆ, ಇಲ್ಲದಿದ್ದರೆ ಡಬ್ಬಿ ಖಾಲಿ. ಪಡೆಯುವವನಿಗೆ ಆ ಹಣ ಯಾವ ಉದ್ದೇಶದಿಂದ ಬಂತು ಎಂಬುದು ಬೇಕಾಗಿಲ್ಲ. ಪಾರಿತೋಷಕ ಇಟ್ಟರೆ ತಪ್ಪೇನು?

ಪುಸ್ತಕಪ್ರೇಮಿ
ಇದಕ್ಕೆ ನೇರ ಉತ್ತರವೇ ಇದೆ. ನಾನು ಮನಶ್ಶಾಸ್ತ್ರದ ವಿದ್ಯಾರ್ಥಿನಿ, ಹಾಗಾಗಿ ಸ್ವಲ್ಪ ಪಾಠದಂತೆ ಕಂಡರೆ ಸಹಿಸಿಕೊಳ್ಳಿ. ಇಸ್ರೇಲಿನಲ್ಲಿ ಪ್ರೌಢಶಾಲೆಯ ಮಕ್ಕಳು ಮನೆಮನೆಗೆ ಹೋಗಿ ಸಹಾಯಧನ ಸಂಗ್ರಹಿಸುವ ಪದ್ಧತಿ ಇದೆ. ಉರಿ ಗ್ನೀಜಿ, ಆಲ್ಡೋ ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು 180 ಮಕ್ಕಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಈ ಕೆಲಸದ ಮಹತ್ವ ತಿಳಿಸಿ ಕಳುಹಿಸಿದರು. ಎರಡನೆಯದಕ್ಕೆ ತಂದದ್ದರ ಶೇಕಡಾ 1ರಷ್ಟು, ಮೂರನೆಯದಕ್ಕೆ ಶೇಕಡಾ 10ರಷ್ಟು ಪ್ರತಿಫಲ, ಅದೂ ಸಂಗ್ರಹದಿಂದಲ್ಲ, ಸಂಶೋಧಕರ ಕೈಯಿಂದ. ಹೆಚ್ಚು ತಂದವರು ಏನೂ ಪಡೆಯದ ಮಕ್ಕಳು. ಶೇಕಡಾ 1 ಪಡೆದವರದು ತೀರಾ ಕಡಿಮೆ. ಶೇಕಡಾ 10ರವರು ಅವರಿಗಿಂತ ವಾಸಿ, ಆದರೂ ಮೊದಲ ಗುಂಪನ್ನು ಮುಟ್ಟಲಿಲ್ಲ. ಇದು ಪ್ರಕಟವಾದದ್ದು 2000ದಲ್ಲಿ.

ಇನ್ನೂ ಚಿಕ್ಕ ಮಕ್ಕಳ ಸಂಗತಿ ಕೇಳಿ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದಂತೆ 18 ತಿಂಗಳ ಕೂಸು ಕೂಡ ಅಪರಿಚಿತರ ಕೈಯಿಂದ ಬಿದ್ದ ವಸ್ತುವನ್ನು ಎತ್ತಿಕೊಡಲು ಹೋಗುತ್ತದೆ, ಯಾರೂ ಹೇಳಿಕೊಟ್ಟಿರುವುದಿಲ್ಲ. 2008ರಲ್ಲಿ ಅವರೇ ಇನ್ನೊಂದು ಹೆಜ್ಜೆ ಮುಂದೆ ಹೋದರು. ನೆರವಾದಾಗಲೆಲ್ಲ ಆಟಿಕೆಯ ಬಹುಮಾನ ಪಡೆದ 20 ತಿಂಗಳ ಮಕ್ಕಳು, ಬಹುಮಾನ ನಿಂತ ಮೇಲೆ ಉಳಿದವರಿಗಿಂತ ಕಡಿಮೆ ನೆರವಾದವು. ತಾನಾಗಿ ಇದ್ದದ್ದನ್ನು ಬಹುಮಾನ ಕೆಡಿಸಿತು.

ಚುರುಕು
ನೀವು ಹೇಳಿದ್ದು ಹಣದ ಪ್ರತಿಫಲ. ಪಾರಿತೋಷಕ ಹಣವಲ್ಲ, ಗೌರವ. ಎರಡೂ ಒಂದೇ ಅಲ್ಲ. ಗೌರವ ಬೇಕೆಂದು ಮನುಷ್ಯ ಒಳ್ಳೆಯ ಕೆಲಸ ಮಾಡಿದರೆ ಮಾಡಲಿ ಬಿಡಿ.

ಪುಸ್ತಕಪ್ರೇಮಿ
ವ್ಯತ್ಯಾಸ ಇದೆ, ಒಪ್ಪಿದೆ. ಆದರೆ ಸೂಚನಾ ಫಲಕದಲ್ಲಿ ಮೊತ್ತ ಹಾಕಿದಾಗ ಗೌರವ ಯಾರಿಗೆ ಸಿಗುತ್ತದೆ? ನೆಂಟರಿಷ್ಟರು ಸ್ಥಿತಿವಂತರಾಗಿರುವವರಿಗೆ. ಕೊನೆಯಲ್ಲಿರುವ ಹೆಸರು ಯಾರದು ಎಂದು ಯೋಚಿಸಿ.

ಅಂದಿನ ವಿದ್ಯಾರ್ಥಿ
ಇದುವರೆಗೆ ಮಾತಾಡಿದವರೆಲ್ಲ ಕೊಡುವ ಕಡೆಯವರು. ನಾನು ಪಡೆದ ಕಡೆಯವನು, ನನ್ನ ಮಾತನ್ನೂ ಕೇಳಿ. "ಪಡೆಯುವವನಿಗೆ ಉದ್ದೇಶ ಬೇಕಾಗಿಲ್ಲ" ಎಂದು ಚುರುಕು ಅವರು ಬರೆದದ್ದು ನನಗೆ ನೋವು ತಂದಿದೆ.

ನನ್ನ ಕಾಲೇಜು ಶುಲ್ಕವನ್ನು ಒಂದು ಸಂಸ್ಥೆ ಕಟ್ಟಿತು. ಅದಿಲ್ಲದಿದ್ದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು, ಆ ಋಣ ಇದ್ದೇ ಇದೆ. ಆದರೆ ಚೆಕ್ ಕೊಡುವ ದಿನ ನಮ್ಮನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿದರು. ರಟ್ಟಿನ ಮೇಲೆ ಬರೆದ, ಬಾಗಿಲಿನಷ್ಟು ದೊಡ್ಡ ಚೆಕ್. ಒಂದು ತುದಿ ನಾನು ಹಿಡಿದೆ, ಇನ್ನೊಂದನ್ನು ಗಣ್ಯರು. ಛಾಯಾಗ್ರಾಹಕ "ಇನ್ನೊಂದು ಸಲ, ಹುಡುಗ ಸ್ವಲ್ಪ ತಲೆ ತಗ್ಗಿಸಲಿ, ಚೆಕ್ ಮೇಲೆ ನೆರಳು ಬೀಳುತ್ತಿದೆ" ಎಂದ. ನಾನು ತಗ್ಗಿಸಿದೆ. ಮರುದಿನ ಪತ್ರಿಕೆಯಲ್ಲಿ ಆ ಚಿತ್ರ ಬಂತು, ಕೆಳಗೆ "ಬಡ ವಿದ್ಯಾರ್ಥಿಗಳಿಗೆ ನೆರವು" ಎಂದು. ತರಗತಿಯಲ್ಲಿ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ.

ಅದೇ ವರ್ಷ ಗ್ರಂಥಾಲಯದ ಮೇಲ್ವಿಚಾರಕಿಯೊಬ್ಬರು ನನ್ನ ಕಾರ್ಡಿನ ಮೇಲೆ ಪರೀಕ್ಷೆ ಮುಗಿಯುವವರೆಗೂ ಪುಸ್ತಕ ಹಿಂದಿರುಗಿಸುವ ದಿನಾಂಕ ಬರೆಯದೆ ಬಿಟ್ಟರು. ಒಂದು ಮಾತೂ ಆಡಲಿಲ್ಲ. ಇಂದಿಗೂ ಯಾರು ಹೆಚ್ಚು ಕೊಟ್ಟರು ಎಂದು ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಆ ಅಮ್ಮನ ನೆನಪೇ.

ಮೂರು ಮಕ್ಕಳ ತಾಯಿ
ಓದಿ ಕಣ್ಣು ತುಂಬಿಬಂತು. ಇಂಥ ಚಿತ್ರಗಳನ್ನು ಹಾಕುವ ಪತ್ರಿಕೆಗಳೂ ಸ್ವಲ್ಪ ಯೋಚಿಸಬೇಕು.

ಹಳೆಯ ಮೇಷ್ಟರು
ಹನ್ನೆರಡನೆಯ ಶತಮಾನದ ಯೆಹೂದಿ ವಿದ್ವಾಂಸ ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹಾಕಿದ್ದಾನೆ. ತೀರಾ ಕೆಳಗಿನದು ಮನಸ್ಸಿಲ್ಲದ ಮನಸ್ಸಿನಿಂದ ಕೊಡುವುದು. ಮೇಲಿನಿಂದ ಎರಡನೆಯದು ಕೊಟ್ಟವನಿಗೆ ಪಡೆದವನು ಯಾರೆಂದೂ, ಪಡೆದವನಿಗೆ ಕೊಟ್ಟವನು ಯಾರೆಂದೂ ತಿಳಿಯದಂಥದು. ಎಲ್ಲಕ್ಕೂ ಮೇಲಿನದು ಗುಟ್ಟಿನ ದಾನವೂ ಅಲ್ಲ. ಸಾಲ ಕೊಟ್ಟೋ, ಪಾಲುದಾರಿಕೆ ಕೊಟ್ಟೋ, ಕೆಲಸ ಕೊಟ್ಟೋ ಆ ಮನುಷ್ಯ ಮುಂದೆ ಇನ್ನೊಬ್ಬರ ಮುಂದೆ ಕೈ ಚಾಚದಂತೆ ನಿಲ್ಲಿಸುವುದು.

ದೂರದೃಷ್ಟಿ
ಗುಟ್ಟಿನ ದಾನ ಎಂದರೆ ಚಕ್ ಫೀನಿ. ಸುಂಕರಹಿತ ಮಳಿಗೆಗಳ ವ್ಯಾಪಾರದಲ್ಲಿ ಅಪಾರ ಸಂಪತ್ತು ಗಳಿಸಿದ ಅಮೆರಿಕನ್ನರು. 1984ರಲ್ಲಿ ವ್ಯಾಪಾರದ ತಮ್ಮ ಪಾಲನ್ನು ಗುಟ್ಟಾಗಿ ಪ್ರತಿಷ್ಠಾನಕ್ಕೆ ಬರೆದುಕೊಟ್ಟರು, 1997ರವರೆಗೆ ಜಗತ್ತಿಗೆ ಅದು ತಿಳಿಯಲಿಲ್ಲ. 800 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಮುಗಿಸಿ 2020ರಲ್ಲಿ ಪ್ರತಿಷ್ಠಾನವನ್ನೇ ಮುಚ್ಚಿದರು. ತಾವು ಮಾತ್ರ ಬಾಡಿಗೆ ಮನೆಯಲ್ಲಿದ್ದರು.

ಚುರುಕು
ಹೆಸರು ಹಾಕಿಸಿಕೊಂಡ ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯಿಂದ ಆದ ಉಪಕಾರ ಕಡಿಮೆಯೇ? 2,509 ಗ್ರಂಥಾಲಯಗಳಿಗೆ ಹಣ ಕೊಟ್ಟರು. ಅದೂ ಸುಮ್ಮನೆ ಅಲ್ಲ. ಜಾಗ ಊರಿನವರು ಕೊಡಬೇಕು, ಕೊಟ್ಟ ಮೊತ್ತದ ಶೇಕಡಾ 10ರಷ್ಟನ್ನು ಊರಿನವರೇ ಪ್ರತಿ ವರ್ಷ ನಿರ್ವಹಣೆಗೆ ತೆಗೆದಿಡಬೇಕು ಎಂಬ ಷರತ್ತು ಹಾಕಿದರು. ಅದಕ್ಕೇ ಅವು ಉಳಿದವು.

ಒಂದೇ ಮಾತು
1892ರಲ್ಲಿ ಅವರದೇ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಕಾರ್ಮಿಕರ ಮುಷ್ಕರವನ್ನು ಹೇಗೆ ಮುರಿದರು ಎಂಬುದನ್ನೂ ಓದಿ. ಜನ ಸತ್ತರು. ಕೂಲಿ ಕಡಿದು ಗ್ರಂಥಾಲಯ ಕಟ್ಟಿದರೆ ಹನ್ನೆರಡು ಗಂಟೆ ದುಡಿದು ಬಂದವನು ಯಾವಾಗ ಓದುತ್ತಾನೆ?

ಚುರುಕು
ಅವನ ಮಕ್ಕಳು ಓದಿದರು.

ಒಂದೇ ಮಾತು
ಅವನ ಕೂಲಿ ಅವನಿಗೇ ಸಿಕ್ಕಿದ್ದರೆ ಮಕ್ಕಳಿಗೆ ಪುಸ್ತಕ ಅವನೇ ತಂದುಕೊಡುತ್ತಿದ್ದ.

ಕೆಂಪುಹನಿ
ಹಣ ಹಣ ಎಂದು ಎಷ್ಟು ಮಾತು! ರಕ್ತ ಕೊಡಿ. ಬಡವ ಶ್ರೀಮಂತ ಭೇದವೇ ಇಲ್ಲ, ಯಾರಿಗೆ ಹೋಯಿತೆಂದು ತಿಳಿಯುವುದೂ ಇಲ್ಲ. ಮೇಷ್ಟರು ಹೇಳಿದ ಎರಡನೆಯ ಮೆಟ್ಟಿಲು. ಕೊನೆಬೆಂಚು ಅವರೇ, ನಾಳೆಯೇ ಹೋಗಿ.

ರಾತ್ರಿಪಾಳಿ
ಹುಡುಗಿಗೆ 17. ಹೆಚ್ಚಿನ ಕಡೆ 18 ತುಂಬದೆ ತೆಗೆದುಕೊಳ್ಳುವುದಿಲ್ಲ. ತೂಕ, ಹಿಮೋಗ್ಲೋಬಿನ್ ಕೂಡ ನೋಡುತ್ತಾರೆ. ಆತುರ ಬೇಡ.

ಕೆಂಪುಹನಿ
ಸರಿ, 18 ತುಂಬಿದ ಮೇಲೆ ಹೋಗಲಿ. ಒಂದು ಮಾತು ನೆನಪಿರಲಿ. ದುರಂತದ ಸುದ್ದಿ ಬಂದ ದಿನ ಎಲ್ಲರೂ ಓಡಿಬರುತ್ತಾರೆ. ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು, ಪ್ಲೇಟ್‌ಲೆಟ್‌ಗಳು ಸಾಮಾನ್ಯವಾಗಿ ಐದೇ ದಿನ. ಸುದ್ದಿಯಿಲ್ಲದ ಸಾಮಾನ್ಯ ವಾರದಲ್ಲಿ ಬರುವವರೇ ನಿಜಕ್ಕೂ ಬೇಕಾದವರು.

ಪುಸ್ತಕಪ್ರೇಮಿ
ಬ್ರಿಟನ್ನಿನ ಸಮಾಜ ಸಂಶೋಧಕ ರಿಚರ್ಡ್ ಟಿಟ್ಮಸ್ 1970ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಪದ್ಧತಿಗಳನ್ನು ಹೋಲಿಸಿ, ಹಣ ಕೊಟ್ಟು ಕೊಂಡ ರಕ್ತಕ್ಕಿಂತ ಮನಸಾರೆ ಕೊಟ್ಟದ್ದೇ ಹೆಚ್ಚು ಸುರಕ್ಷಿತ ಎಂದು ವಾದಿಸಿದ್ದರು. ಹಣಕ್ಕಾಗಿ ಬಂದವನು ತನ್ನ ಕಾಯಿಲೆ ಮುಚ್ಚಿಡುತ್ತಾನೆ ಎಂಬುದು ಅವರ ಕಾರಣಗಳಲ್ಲೊಂದು.

ನಿರ್ವಾಹಕರು
ರಕ್ತದಾನಕ್ಕೆ ಬೇರೆ ಚರ್ಚೆ ತೆರೆಯಬಹುದು. ಮೂಲ ಪ್ರಶ್ನೆಗೆ ಬನ್ನಿ.

ದೂರದೃಷ್ಟಿ
ಮೂಲ ಪ್ರಶ್ನೆಗೇ ಬರುತ್ತೇನೆ. ಎಲ್ಲರೂ "ಮೊದಲು ಮನೆ" ಎನ್ನುತ್ತಿದ್ದೀರಿ. ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ 1972ರಲ್ಲಿ ಒಂದು ಪ್ರಶ್ನೆ ಕೇಳಿದರು. ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಕಂಡರೆ ಬಟ್ಟೆ ಕೆಸರಾಗುತ್ತದೆಂದು ಸುಮ್ಮನಿರುತ್ತೀರಾ? ಇಲ್ಲ. ಹಾಗಾದರೆ ಮಗು ಸಾವಿರಾರು ಮೈಲಿ ದೂರದಲ್ಲಿದ್ದರೆ ಕರ್ತವ್ಯ ಹೇಗೆ ಬದಲಾಗುತ್ತದೆ? ಡಯಾಲಿಸಿಸ್ ತಪ್ಪಿದರೆ ಸಾವು, ಕನ್ನಡಕ ತಡವಾದರೆ ತೊಂದರೆ. ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಿ. ಹುಡುಗಿಯ ತಂದೆ ಸರಿಯಾಗಿಯೇ ತೂಗಿದ್ದಾರೆ.

ಮೂರು ಮಕ್ಕಳ ತಾಯಿ
ನನ್ನ ಮಗು ನನ್ನನ್ನಲ್ಲದೆ ಇನ್ನಾರನ್ನು ಕೇಳಬೇಕು? ದೂರದ ಮಗುವಿಗೆ ನೆರವಾಗಲು ಸಾವಿರ ಜನ ಇರಬಹುದು. ನನ್ನ ಮಗುವಿಗೆ ನಾನೊಬ್ಬಳೇ. ಇದು ಸ್ವಾರ್ಥವಲ್ಲ, ಹೊಣೆ.

ದೂರದೃಷ್ಟಿ
ಆ ಸಾವಿರ ಜನರೂ ಹೀಗೇ ಅಂದುಕೊಂಡರೆ?

ಲೆಕ್ಕಿಗ
ಕನ್ನಡಕವೋ ಕಂತೋ ಎಂದು ಎದುರುಬದುರು ನಿಲ್ಲಿಸಿದವರು ನಾವು. ಮನೆಯ ಖರ್ಚಿನ ಪಟ್ಟಿಯಲ್ಲಿ ಆ ಎರಡೇ ಬಾಬತ್ತು ಇರುತ್ತವೆಯೇ? ಪಟ್ಟಿ ಮೇಜಿನ ಮೇಲೆ ಬಂದರೆ ಮೂರನೆಯದೇನಾದರೂ ಕಂಡೀತು.

ಪುಸ್ತಕಪ್ರೇಮಿ
ಲೆಕ್ಕಿಗರು ಹೇಳಿದ ಮೇಜಿನ ಮಾತಿಗೆ ನನ್ನದೊಂದು ಸೇರಿಕೆ. 1970ರಲ್ಲಿ ಬ್ರಯನ್ ಮತ್ತು ವಾಲ್‌ಬೆಕ್ ಎಂಬ ಸಂಶೋಧಕರು, ಮಕ್ಕಳು ಆಟದಲ್ಲಿ ಗೆದ್ದದ್ದನ್ನು ದಾನ ಮಾಡುತ್ತಾರೆಯೇ ಎಂದು ಪರೀಕ್ಷಿಸಿದರು. ಮಾದರಿಯಾಗಿ ಆಡಿ ತೋರಿಸಿದವರಲ್ಲಿ ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. ಕೆಲವರು ಔದಾರ್ಯದ ಉಪದೇಶ ಮಾಡಿದರು, ಕೆಲವರು ದುರಾಸೆಯದು. ಮಕ್ಕಳ ಕೈ ಹಿಂಬಾಲಿಸಿದ್ದು ಮಾದರಿಯ ಕೈಯನ್ನು. ಉಪದೇಶ ಬದಲಿಸಿದ್ದು ಮಕ್ಕಳ ಬಾಯಿಮಾತನ್ನು ಮಾತ್ರ. ಈ ಲೆಕ್ಕದಲ್ಲಿ ಕೊನೆಬೆಂಚು ಅವರ ತಂದೆ ಮನೆಯಲ್ಲೇ ದೊಡ್ಡ ಪಾಠ ಮಾಡಿದ್ದಾರೆ. ಆದರೆ ಬೀರುವಿನ ಒಳಬದಿಗೆ ತೂಗುವ ರಸೀದಿ "ಏಕೆ" ಎಂದು ಹೇಳುವುದಿಲ್ಲ. ಏಕೆ ಇವರಿಗೇ, ಏಕೆ ಇಷ್ಟೇ, ನಿಂತರೆ ಏನಾಗುತ್ತದೆ ಎಂಬುದನ್ನು ಮಾತಿನಲ್ಲಿಯೇ ಹೇಳಬೇಕು. ಉಪದೇಶ ಬೇಡ, ಮಾತುಕತೆ ಬೇಕು.

ಅಂದಿನ ವಿದ್ಯಾರ್ಥಿ
ತಮ್ಮನ ಮುಂದೆಯೇ ಆ ಮಾತುಕತೆ ಆಗಲಿ.

ಕೊನೆಬೆಂಚು
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮನೆಯಲ್ಲಿ ಮಾತಾಡಿದೆ. ಸಿಟ್ಟಿನಿಂದಲ್ಲ, ಮೇಷ್ಟರು ಹೇಳಿದ ಹಿಟ್ಟಿನ ಕಥೆಯಿಂದ ಶುರು ಮಾಡಿದೆ.

ಮೂರು ಮಕ್ಕಳ ತಾಯಿ ಕೇಳಿದ್ದಕ್ಕೆ ಉತ್ತರ: ಅಮ್ಮನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿತ್ತು ಎಂದರೆ, ಆ ಸಂಸ್ಥೆಯನ್ನು ಹುಡುಕಿ ಅಪ್ಪನಿಗೆ ಹೇಳಿದವರೇ ಅಮ್ಮ. ಪಾಲು ಎಷ್ಟಿರಬೇಕು ಎಂದು ನಾವು ಹುಟ್ಟುವ ಮೊದಲೇ ಇಬ್ಬರೂ ಕೂತು ತೀರ್ಮಾನಿಸಿದ್ದರಂತೆ. ರಸೀದಿಗಳನ್ನು ಪೋಣಿಸುವವರೂ ಅಮ್ಮನೇ. ಇಷ್ಟು ವರ್ಷ ಅದು ಅಪ್ಪನ ಕೆಲಸ ಎಂದುಕೊಂಡಿದ್ದೆ.

ಅಪ್ಪ ಒಂದು ಮಾತು ಕೇಳಿ ಬೆಚ್ಚಿದರು. ತಮ್ಮ ಬೋರ್ಡು ಕಾಣದೆ ಪಕ್ಕದ ಹುಡುಗನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದಾನೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಹಳೆಯ ಕನ್ನಡಕದಲ್ಲಿ ಹೇಗೋ ನಡೆಯುತ್ತಿದೆ ಎಂದುಕೊಂಡಿದ್ದರು. ತಮ್ಮ ಹೇಳಿರಲಿಲ್ಲ, ಮನೆಯ ಕಷ್ಟ ನೋಡಿ ಬಾಯಿ ಬಿಟ್ಟಿರಲಿಲ್ಲ. ಲೆಕ್ಕಿಗರು ಹೇಳಿದಂತೆ ಪಟ್ಟಿ ಹಾಕಿದೆವು. ಅಪ್ಪ ತಮ್ಮ ದ್ವಿಚಕ್ರವಾಹನದ ಟೈರು ಬದಲಾವಣೆಯನ್ನು ಮುಂದಕ್ಕೆ ಹಾಕುತ್ತೇನೆ ಎಂದರು, ಅಮ್ಮ ಖಂಡಿತ ಕೂಡದು ಎಂದರು. ಕೊನೆಗೆ ಅಮ್ಮನ ಉಳಿತಾಯದಿಂದ ಕನ್ನಡಕಕ್ಕೆ ಮುಂಗಡ ಕೊಟ್ಟಾಯಿತು. ಕಂತು ಮುಂದುವರಿಯುತ್ತದೆ. ಅದಕ್ಕೆ ತಮ್ಮನೂ ಒಪ್ಪಿದ, ಆದರೆ "ವರ್ಷಕ್ಕೊಮ್ಮೆ ನಮ್ಮನ್ನೂ ಕೂರಿಸಿಕೊಂಡು ಹೇಳಬೇಕು" ಎಂದು ಷರತ್ತು ಹಾಕಿದ.

ಕಾಲೇಜಿನ ಸಂಗ್ರಹಕ್ಕೆ ನಾನು ಹೋಗುತ್ತಿದ್ದೇನೆ. ಪಟ್ಟಿಯಲ್ಲಿ ಹೆಸರು ಹಾಕದೆ ತರಗತಿಯ ಒಟ್ಟು ಮೊತ್ತ ಮಾತ್ರ ಹಾಕಿ ಎಂದು ಕೆಲವರು ಸೇರಿ ಪ್ರಾಂಶುಪಾಲರಿಗೆ ಮನವಿ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ.

ಬಹುಮಾನದ ಹಣದ ಜಗಳ ಮುಗಿದಿಲ್ಲ. ನಾನು ಗ್ರಂಥಾಲಯಕ್ಕೆ ಪುಸ್ತಕ ಎನ್ನುತ್ತೇನೆ, ತಮ್ಮ ಬೀದಿನಾಯಿಗಳಿಗೆ ರೇಬಿಸ್ ಲಸಿಕೆ ಹಾಕಿಸುವವರಿಗೆ ಎನ್ನುತ್ತಾನೆ. ಹಣ ನನ್ನದು, ಆದರೆ ಅವನನ್ನು ಕೇಳಬೇಕು ಎಂದು ಇಷ್ಟೆಲ್ಲ ವಾದ ಮಾಡಿದವಳು ನಾನೇ. ಏನು ಮಾಡಲಿ?

ಮೂರು ಮಕ್ಕಳ ತಾಯಿ
ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಮಗಳೇ.

ರಾತ್ರಿಪಾಳಿ
ತಮ್ಮನ ಕಡೆ ನನ್ನ ಮತ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂಬಷ್ಟು ಅಪರೂಪ, ಮನುಷ್ಯರಿಗೆ ಅದು ಬಹುಪಾಲು ನಾಯಿ ಕಡಿತದಿಂದಲೇ ಬರುತ್ತದೆ. ನಾಯಿಗೆ ಹಾಕಿದ ಲಸಿಕೆ ಮಗುವನ್ನೂ ಕಾಯುತ್ತದೆ.

ಅಂದಿನ ವಿದ್ಯಾರ್ಥಿ
ನಾನು ಗ್ರಂಥಾಲಯದ ಕಡೆ. ಆದರೆ ನಿಮಗೆ ಬೇಡವಾದ ಹಳೆಯ ಪುಸ್ತಕ ತುಂಬಿ ಕೊಡಬೇಡಿ. ಯಾವ ಪುಸ್ತಕಕ್ಕೆ ಹುಡುಗರು ಸರದಿ ಕಾಯುತ್ತಿದ್ದಾರೆ ಎಂದು ಮೇಲ್ವಿಚಾರಕರನ್ನು ಕೇಳಿ, ಅದನ್ನೇ ಕೊಡಿಸಿ. ದುರಂತಗಳಾದಾಗ ಬಂದು ಬೀಳುವ ಬೇಡದ ಬಟ್ಟೆಬರೆಯ ರಾಶಿಯನ್ನು ಪರಿಹಾರ ಕಾರ್ಯಕರ್ತರು ಎರಡನೆಯ ದುರಂತ ಎನ್ನುತ್ತಾರೆ. ಗ್ರಂಥಾಲಯಗಳಿಗೂ ಆ ಪಾಡು ಇದೆ.

ಚುರುಕು
ಅರ್ಧ ಅರ್ಧ ಮಾಡಿ.

ಲೆಕ್ಕಿಗ
ಮೊತ್ತ ಚಿಕ್ಕದಾದರೆ ಅರ್ಧ ಮಾಡಬೇಡಿ, ಎರಡು ಕಡೆಯೂ ಏನೂ ಆಗುವುದಿಲ್ಲ. ಇಬ್ಬರೂ ಸೇರಿ ಎರಡೂ ಕಡೆಗೆ ಹೋಗಿ ಬನ್ನಿ. ಒಂದೇ ಪ್ರಶ್ನೆ ಕೇಳಿ: "ಇಷ್ಟು ಹಣ ಕೊಟ್ಟರೆ ಈ ತಿಂಗಳು ನೀವು ಏನು ಮಾಡುತ್ತೀರಿ?" ಲಸಿಕೆಯವರು ಎಷ್ಟು ನಾಯಿಗಳಿಗೆ ಎಂದು ಹೇಳಲಿ, ಗ್ರಂಥಾಲಯದವರು ಯಾವ ಪುಸ್ತಕಗಳು ಎಂದು ಹೇಳಲಿ. ಉತ್ತರ ಬರೆದುಕೊಂಡು ಬಂದು ಇಲ್ಲಿ ಹಾಕಿ. ರಸೀದಿ ಬರೆಸುವಾಗ ತಮ್ಮನ ಹೆಸರನ್ನೂ ಸೇರಿಸಿ ಬರೆಸಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಒಂದೇ ಮಾತು
ತಮ್ಮನನ್ನೇ ಪ್ರಶ್ನೆ ಕೇಳಲು ಬಿಡಿ.